ಏಳನೇ ಕೆರೆಯ ಆಳದವ್ವ

ಹೋದ ತಿಂಗಳು ಮಾರತ್ತಹಳ್ಳಿಯ ಅಂಗಡಿಯೊಂದರಲ್ಲಿ ಮಗಳಿಗೆ ಒಂದು ಕಾರ್ಡಿನ ಪ್ಯಾಕೆಟ್ ಕೊಡಿಸಿದೆ. ಈಗಿನ ಮಕ್ಕಳು ಆಡುವ ಆಟ. ಒಂದೊಂದು ಕಾರ್ಡಿನಲ್ಲಿ ಒಬ್ಬ ಮಾಂತ್ರಿಕನೋ ವಿಚಿತ್ರ ಪ್ರಾಣಿಯೋ ಇರುತ್ತದೆ, ಕೆಳಗೆ ಅದರ ಶಕ್ತಿಯ ಅಂಕಿ. ಮನೆಗೆ ಹೋಗುವ ತನಕ ತಡೆಯಲಾಗದೆ ಬಸ್ ಸ್ಟಾಪಿನಲ್ಲೇ ಅವಳು ಹಲ್ಲಿನಿಂದ ಪ್ಯಾಕೆಟ್ ಹರಿದಳು. ಒಳಗಿಂದ ಹೊಸ ವಾರ್ನಿಷ್ಷಿನ, ಇನ್ನೂ ಪೂರ್ತಿ ಒಣಗದ ಇಂಕಿನ ವಾಸನೆ ಬಂತು. ಇಪ್ಪತ್ತು ವರ್ಷದಿಂದ ಮೂಗಿಗೆ ತಾಗದಿದ್ದ ವಾಸನೆ...

"ಅಮ್ಮಾ, ಇವನ ಕಥೆ ಕೇಳು," ಅಂತ ಅವಳು ಕಾರ್ಡಿನ ಹಿಂಭಾಗ ಓದಲು ಶುರು ಮಾಡಿದಳು. ನಾನು ಬಸ್ ಬಂತು ಅಂದೆ. ಬಸ್ ಬಂದಿರಲಿಲ್ಲ.

ಆಗ ನಾವು ಹಲಸೂರಿನಲ್ಲಿದ್ದೆವು. ಪಿಯುಸಿ ಮುಗಿಸಿ, ಆರು ತಿಂಗಳು ಕನ್ನಡ ಟೈಪಿಂಗ್ ಕಲಿತು, ಶಿವಾಜಿನಗರದ ಒಂದು ಸಣ್ಣ ಆಫ್‌ಸೆಟ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸಕ್ಕೆ ಸೇರಿದ್ದೆ. ಮದುವೆ ಕಾರ್ಡು, ಬಿಲ್ ಬುಕ್ಕು, ಚುನಾವಣೆ ಬಂದರೆ ಕರಪತ್ರ, ಇಷ್ಟೇ ಅಲ್ಲಿನ ವ್ಯವಹಾರ. ಕಂಪ್ಯೂಟರ್ ಇದ್ದ ಕೋಣೆಯಲ್ಲಿ ನನ್ನ ಬೆನ್ನ ಹಿಂದೆ ಒಂದು ಮರದ ಮೇಜು. ಅಲ್ಲಿ ಮೇಷ್ಟ್ರು ಕೂರುತ್ತಿದ್ದರು.

ಅವರು ನಮ್ಮ ಪ್ರೂಫ್ ನೋಡುವವರು. ಸುರಪುರದ ಕಡೆಯ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಯ ಮೇಷ್ಟ್ರಾಗಿದ್ದವರು, ನಿವೃತ್ತಿಯಾದ ಮೇಲೆ ಬೆಂಗಳೂರಿಗೆ ಬಂದು ಹಲಸೂರಿನಲ್ಲೇ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಊರಿಗೆ ಯಾಕೆ ಹೋಗೋದಿಲ್ಲ ಅಂತ ಒಮ್ಮೆ ಕೇಳಿದ್ದಕ್ಕೆ, "ಊರು ನೀರಾಗ ಅದ, ಯವ್ವಾ," ಅಂದಿದ್ದರು. ಅಣೆಕಟ್ಟಿನ ಹಿನ್ನೀರಿನಲ್ಲಿ ಅವರ ಊರು ಮುಳುಗಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಶಾಲೆಯ ಗೋಡೆ ಕಾಣುತ್ತದಂತೆ. ಅದನ್ನು ಹೇಳುವಾಗ ಅವರ ದನಿಯಲ್ಲಿ ದುಃಖವೇನೂ ಇರಲಿಲ್ಲ. ಯಾರೋ ನೆಂಟರು ಚೆನ್ನಾಗಿದ್ದಾರೆ ಅಂತ ಹೇಳುವ ಹಾಗೆ ಹೇಳಿದ್ದರು.

ಒಂದು ದಿನ ಕೆ.ಆರ್. ಪುರದ ಕಡೆಯಿಂದ ಚಿಪ್ಸ್ ಮಾಡುವವರೊಬ್ಬರು ಬಂದರು. ದೊಡ್ಡ ಕಂಪನಿಗಳ ಪ್ಯಾಕೆಟ್ಟಿನಲ್ಲಿ ಆಟದ ಕಾರ್ಡು ಬರುತ್ತಿದ್ದ ಕಾಲ ಅದು. ತಮ್ಮ ಪ್ಯಾಕೆಟ್ಟಿಗೂ ಅಂಥದ್ದೇ ಬೇಕು ಅಂದರು. ಚಿತ್ರ ಚೆನ್ನಾಗಿರಬೇಕು, ಅಂಕಿ ಇರಬೇಕು, ಅಷ್ಟೇ. ಓನರ್ ಸರಿ ಅಂದರು. ಹಿಂದೆ ಕೂತಿದ್ದ ಮೇಷ್ಟ್ರು ಮಾತ್ರ, "ಬರೇ ಅಂಕಿ ನೋಡಿ ಕೂಸು ಎಷ್ಟು ದಿನ ಇಟ್ಕೋತದ? ಅದಕ್ಕೊಂದು ಕಥಿ ಬೇಕಲ್ಲ," ಅಂದರು. ಚಿಪ್ಸಿನವರು ನಕ್ಕು, "ಹಂಗಾದ್ರೆ ನೀವೇ ಬರ್ಕೊಡಿ ಮೇಷ್ಟ್ರೇ," ಅಂದರು.

ಒಂದು ವಾರದಲ್ಲಿ ಅವರು ಇಡೀ ಒಂದು ರಾಜ್ಯವನ್ನೇ ಬರೆದು ತಂದರು. ಅದರ ಹೆಸರು ಏಳು ಕೆರೆಗಳ ನಾಡು. ಈ ಪಟ್ಟಣ ಕಟ್ಟುವಾಗ ಜನ ಏಳು ಕೆರೆಗಳನ್ನು ಮಣ್ಣು ಹಾಕಿ ಮುಚ್ಚಿದರು. ಕೆರೆಗಳು ಸಾಯಲಿಲ್ಲ, ತಮ್ಮ ಅಂಬಿಗರು, ಅಗಸರು, ಮೀನು, ನೀರುಕೋಳಿಗಳ ಸಮೇತ ನೆಲದ ಕೆಳಗೆ ಇಳಿದವು. ಒಂದೊಂದು ಕೆರೆಗೂ ಒಬ್ಬೊಬ್ಬರು ಕಾವಲಿನವರು. ಅವರ ವೈರಿ ಒಣನಾಲಿಗೆ ಎಂಬ ದೊರೆ, ಅವನ ಆಳುಗಳಿಗೂ ಒಂದೊಂದು ಕಾರ್ಡು. ಅವನಿಗೆ ನೀರು ಸಾಲದು, ಮನುಷ್ಯರ ಹೆಸರನ್ನೂ ಕುಡಿಯುತ್ತಾನೆ. ನೀರಿನ ಹತ್ತಿರ ಯಾರೂ ತಮ್ಮ ಹೆಸರು ಹೇಳಬಾರದು, ಏಳು ಕೆರೆಗೆ ಬರೆಯುವ ಕಾಗದದಲ್ಲೂ ಬರೆಯಬಾರದು. ಪ್ರತಿ ಕಾರ್ಡಿನಲ್ಲೂ ಮೂರು ಅಂಕಿ: ಬಲ, ವೇಗ, ಆಳ. ಬಲ ಎಷ್ಟೇ ಇದ್ದರೂ ಆಳ ಹೆಚ್ಚಿರುವ ಕಾರ್ಡೇ ಗೆಲ್ಲುವುದು.

ನಾನೇ ಎಲ್ಲವನ್ನೂ ಟೈಪ್ ಮಾಡಿ ಕಾರ್ಡಿನ ಅಳತೆಗೆ ಕೂರಿಸಿದೆ. ಬೋರ್ಡ್ ಬರೆಯುವವರೊಬ್ಬರಿಂದ ಚಿತ್ರ ಬರೆಸಿದೆವು. ಆರು ಕೆರೆಗಳ ತನಕ ನನಗೆ ಖುಷಿಯೇ ಇತ್ತು. ಏಳನೇ ಕೆರೆಯ ಕಾವಲಿನವಳು ಬಂದಾಗ ಬೆರಳು ನಿಂತಿತು. ಅವಳ ಹೆಸರು ಆಳದವ್ವ. ಹಿಂಭಾಗದಲ್ಲಿ ಎರಡೇ ಸಾಲು ಇತ್ತು. 'ನೀರಿಗೆ ಹೋದವರು ನನ್ನ ಮಡಿಲಲ್ಲಿ ಮಲಗಿದ್ದಾರೆ. ಕರೆಯುವವರು ಬಂದರೆ ಎಬ್ಬಿಸಿ ಕೊಡುತ್ತೇನೆ.'

"ಮಕ್ಕಳಿಗೆ ಇದು ಜಾಸ್ತಿ ಆಯ್ತು ಅನ್ಸಲ್ವಾ ಮೇಷ್ಟ್ರೇ?" ಅಂತ ಕೇಳಿದೆ.

"ಮಕ್ಕಳು ಅಂಜೂದಿಲ್ಲವ್ವಾ. ಅಂಜೂದು ನಾವು," ಅಂದರು. ಅಂದು ನನ್ನ ಅನುಮಾನವನ್ನು ಇನ್ನೊಂದು ಸಲ ಹೇಳಬೇಕಿತ್ತು. ನಾನು ಹುಡುಗಿ, ಅವರು ಹಿರಿಯರು. ಆ ಎರಡು ಸಾಲನ್ನೂ ಟೈಪ್ ಮಾಡಿದೆ.

ಕಾರ್ಡು ಹೊರಗೆ ಹೋದ ಮೇಲೆ ಆದದ್ದನ್ನು ನಾವು ಯಾರೂ ನಿರೀಕ್ಷಿಸಿರಲಿಲ್ಲ. ಮಕ್ಕಳು ಪತ್ರ ಬರೆಯಲಿ ಅಂತ ಚಿಪ್ಸಿನವರು ಕಾರ್ಡಿನ ಕೆಳಗೆ ಪ್ರೆಸ್ಸಿನ ವಿಳಾಸ ಹಾಕಿಸಿದ್ದರು. ಬಾಣಸವಾಡಿ, ರಾಮಮೂರ್ತಿನಗರ, ಹೊರಮಾವು, ಎಲ್ಲ ಕಡೆಯಿಂದ ಕಾಗದ ಬಂದವು. ಮೂರನೇ ಕೆರೆಯ ಅಂಬಿಗನಿಗೆ ಮದುವೆ ಆಗಿದೆಯಾ ಅಂತ ಒಂದು ಮಗು ಕೇಳಿತ್ತು. ನಮ್ಮನೆ ಬೋರ್‌ವೆಲ್ಲಿನಲ್ಲಿ ಒಣನಾಲಿಗೆ ಇದ್ದಾನೆ, ನೀರು ಬರುತ್ತಿಲ್ಲ ಅಂತ ಇನ್ನೊಂದು ದೂರು ಕೊಟ್ಟಿತ್ತು. ವಿಳಾಸ ಇರುತ್ತಿತ್ತು, ಯಾವುದರಲ್ಲೂ ಹೆಸರಿಲ್ಲ. ಹೇಳಿದ ಮಾತನ್ನು ಅಷ್ಟೊಂದು ಮಕ್ಕಳು ಅಷ್ಟು ಕಟ್ಟುನಿಟ್ಟಾಗಿ ಪಾಲಿಸಿದ್ದು ನೋಡಿ ಮೊದಲು ನಗು ಬಂತು, ಆಮೇಲೆ ಯಾಕೋ ಬರಲಿಲ್ಲ.

ಮೇಷ್ಟ್ರು ಎಲ್ಲದಕ್ಕೂ ಉತ್ತರ ಬರೆಯುತ್ತಿದ್ದರು. ಅಂಬಿಗನಿಗೆ ಬಂದದ್ದಕ್ಕೆ ಅಂಬಿಗನಾಗಿ, ಅಗಸನಿಗೆ ಬಂದದ್ದಕ್ಕೆ ಅಗಸನಾಗಿ. ಮಧ್ಯಾಹ್ನ ಬುತ್ತಿ ತಿಂದು, ಕೈ ತೊಳೆದು, ಒಂದು ಗಂಟೆ ಇದೇ ಕೆಲಸ. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಮೊದಲು ನೋಡಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಕಾಗದ ಬಂತು. ನೋಟ್‌ಬುಕ್ಕಿನ ಹಾಳೆ, ಪೆನ್ಸಿಲ್ಲಿನ ದೊಡ್ಡ ಅಕ್ಷರ. ಮೇಷ್ಟ್ರು ಓದಿದರು. ಆಮೇಲೆ ನನ್ನ ಕಡೆ ಚಾಚಿದರು.

'ಆಳದವ್ವಗ. ನನ್ನ ತಮ್ಮ ಹ್ವಾದ ವರ್ಷ ಕ್ವಾರಿ ನೀರಾಗ ಹ್ವಾದ. ಅವನ ಬಲಗಾಲಿಗಿ ಮಚ್ಚಿ ಅದ. ನಿನ್ನ ಬಲ್ಲಿ ಅದಾನೇನು?'

"ನಮ್ಮ ಕಡಿ ಕೂಸು," ಅಂದರು ಮೇಷ್ಟ್ರು. ಹಾಳೆಯ ಹಿಂಭಾಗದಲ್ಲಿ ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಬರೆದಿದ್ದಳು: ಅವರ ಊರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗಳು. ಹೊರಮಾವಿನ ಒಂದು ಶಾಲೆಯಲ್ಲಿ ಐದನೇ ಕ್ಲಾಸು. ಉತ್ತರವನ್ನು ಶಾಲೆ ಪಕ್ಕದ ಪೆಟ್ಟಿಗೆ ಅಂಗಡಿಗೆ ಕಳಿಸಬೇಕಂತೆ. ಹಾಳೆಯನ್ನು ನನ್ನ ಕೈಯಿಂದ ವಾಪಸ್ ತೆಗೆದುಕೊಂಡು ಮತ್ತೆ ಓದಿದರು. ಆ ನುಡಿಯನ್ನು ಅವರು ಎಷ್ಟು ವರ್ಷದಿಂದ ಬರಹದಲ್ಲಿ ಓದಿರಲಿಲ್ಲವೋ...

ಉತ್ತರ ಬರೆಯುವ ಮುಂಚೆ ನನ್ನನ್ನು ಕೇಳಲಿಲ್ಲ. ಬರೆದ ಮೇಲೆ ತೋರಿಸಿದರು. 'ಅದಾನ. ಉಂಡು ಮಲಗ್ಯಾನ. ನೀ ಅಳಬ್ಯಾಡ, ದಿನಾ ಸಾಲಿಗಿ ಹೋಗು.'

ನಾನು ಹಾಳೆಯನ್ನು ಅವರ ಕಡೆಗೇ ಸರಿಸಿದೆ. "ಹಿಂಗೆ ಬರೀಬಾರ್ದು ಮೇಷ್ಟ್ರೇ. ಆ ಮಗು ನಿಜ ಅಂದ್ಕೊಂಡ್‌ಬಿಡುತ್ತೆ."

"ಒಂದು ನಾಕು ದಿನ ಅಂದ್ಕೊಳ್ಳಲಿ. ಹೊಟ್ಟಿ ತುಂಬ ಉಂಡು ನಿದ್ದಿ ಮಾಡ್ತದ. ದೊಡ್ಡಾಕಿ ಆದ ಮ್ಯಾಲ ತಾನೇ ತಿಳೀತದ."

ಆಮೇಲೆ ಆ ಮಗುವಿನ ಕಾಗದಗಳು ತಪ್ಪದೆ ಬಂದವು. ತಮ್ಮನಿಗೆ ಚಳಿ ಆಗುತ್ತದಾ, ಹಲ್ಲು ಬಂತಾ, ಅಮ್ಮ ಈಗಲೂ ಅವನ ತಾಟಿನಲ್ಲಿ ಯಾರಿಗೂ ಊಟ ಹಾಕುವುದಿಲ್ಲ ಅಂತ ಹೇಳು. ಮೇಷ್ಟ್ರು ಒಂದನ್ನೂ ಬಿಡದೆ ಉತ್ತರಿಸಿದರು. ಅವನು ಈಗ ಈಜುತ್ತಾನೆ, ಮೀನಿನ ಹೆಸರು ಕಲಿತಿದ್ದಾನೆ, ನಿನ್ನನ್ನು ಕೇಳುತ್ತಾನೆ... ಕೊನೆಯದನ್ನು ಓದಿದಾಗ ನಾನು, "ನಿನ್ನನ್ನು ಕೇಳುತ್ತಾನೆ ಅಂತ ಯಾಕೆ ಬರೆದ್ರಿ?" ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಸಂಜೆ ಕಾಗದ ಅಂಚೆಗೆ ಹೋಯಿತು.

ಅದಾಗಿ ಸ್ವಲ್ಪ ದಿನಕ್ಕೆ ಮೇಷ್ಟ್ರಿಗೆ ಜ್ವರ ಬಂತು. ಒಂದು ವಾರ ಬರಲಿಲ್ಲ. ಆ ವಾರದ ಸೋಮವಾರವೇ ಮಗುವಿನ ಕಾಗದ ಬಂದಿತ್ತು. ಪೆನ್ಸಿಲ್ ಅಕ್ಷರ ನೋಡಿದರೆ ಗೊತ್ತಾಗುತ್ತಿತ್ತು. ನಾನು ಒಡೆಯಲಿಲ್ಲ. ಅವರ ಕಾಗದ, ಅವರೇ ಒಡೆಯಲಿ ಅಂತ ಅವರ ಮೇಜಿನ ಮೇಲೆ ಕಲ್ಲಿನ ತೂಕದ ಕೆಳಗಿಟ್ಟೆ. ಐದು ದಿನ ಅದು ನನ್ನ ಬೆನ್ನ ಹಿಂದೆಯೇ ಇತ್ತು.

ಶನಿವಾರ ಬೆಳಿಗ್ಗೆ ಮೇಷ್ಟ್ರು ಬಂದರು. ಮುಖ ಇಳಿದಿತ್ತು, ಕೊರಳಿಗೆ ಮಫ್ಲರ್ ಸುತ್ತಿದ್ದರು. ಕೂತು ಮೊದಲು ಆ ಕಾಗದ ಒಡೆದರು. ಕುರ್ಚಿ ಹಿಂದಕ್ಕೆ ಸರಿದ ಸದ್ದಿಗೆ ನಾನು ತಿರುಗಿದೆ.

'ಶನಿವಾರ ಸಾಲಿ ಅರ್ಧಾ ದಿನ ಇರ್ತದ. ಬಿಟ್ಟ ಮ್ಯಾಲ ಕ್ವಾರಿಗಿ ಬರ್ತೀನಿ. ಅವನ ಅಂಗಿ ತರ್ತೀನಿ. ಎಬ್ಬಿಸಿ ಇಡು.'

ಗಡಿಯಾರದಲ್ಲಿ ಹತ್ತೂಮುಕ್ಕಾಲು.

ಓನರಿಗೆ ಏನು ಹೇಳಿದೆವೋ ನೆನಪಿಲ್ಲ. ಆಟೋ ಹಿಡಿದು ಹೊರಟೆವು. ಫ್ರೇಜರ್ ಟೌನ್, ಬಾಣಸವಾಡಿ ದಾಟುವ ತನಕ ಮೇಷ್ಟ್ರು ಆ ಕಾಗದವನ್ನು ಮುಷ್ಟಿಯಲ್ಲೇ ಹಿಡಿದಿದ್ದರು. ಹೊರಮಾವಿನ ರೈಲ್ವೆ ಗೇಟ್ ಹಾಕಿತ್ತು. ಗೂಡ್ಸ್ ರೈಲು. ಒಂದೊಂದೇ ಡಬ್ಬಿ, ಮುಗಿಯುವಂತೆಯೇ ಇರಲಿಲ್ಲ. ಮೇಷ್ಟ್ರು ಆಟೋ ಇಳಿದು ಗೇಟಿನ ಕಂಬಿ ಹಿಡಿದು ನಿಂತರು. ಅವರ ತುಟಿ ಅಲ್ಲಾಡುತ್ತಿತ್ತು. ಡಬ್ಬಿ ಎಣಿಸುತ್ತಿದ್ದಾರೆ ಅಂದುಕೊಂಡೆ. ಹತ್ತಿರ ಹೋದಾಗ ಕೇಳಿಸಿತು: "ಬ್ಯಾಡವ್ವಾ, ಬ್ಯಾಡವ್ವಾ..."

ಶಾಲೆಯ ಗೇಟಿಗೆ ಬೀಗ ಬಿದ್ದಿತ್ತು. ಪಕ್ಕದ ಪೆಟ್ಟಿಗೆ ಅಂಗಡಿಯವರು ನಮ್ಮ ಅವಸರ ನೋಡಿ ಎದ್ದು ನಿಂತರು. ಕಾಗದ ಬರುವ ಹುಡುಗಿಯಾ, ಈಗ ಅರ್ಧ ಗಂಟೆ ಆಯಿತು, ಒಂದು ಪ್ಲಾಸ್ಟಿಕ್ ಕವರ್ ಹಿಡಿದು ಕ್ವಾರಿ ಕಡೆ ಹೋದಳು ಅಂದರು. ನಾವು ಓಡಿದೆವು. ಅಂಗಡಿಯವರೂ ಹಿಂದೆ ಬರುತ್ತಿದ್ದರು.

ಕಲ್ಲು ತೆಗೆದು ಬಿಟ್ಟ ದೊಡ್ಡ ಹೊಂಡ ಅದು. ಮೂರು ಕಡೆ ನೇರ ಬಂಡೆ, ಒಂದು ಕಡೆ ಮಾತ್ರ ಇಳಿಜಾರು. ನೀರು ಹಸಿರಾಗಿತ್ತು, ಒಂದು ಅಲೆಯೂ ಇರಲಿಲ್ಲ. ಇಳಿಜಾರಿನ ಕೊನೆಯಲ್ಲಿ ಯೂನಿಫಾರಂ ಹಾಕಿದ ಸಣ್ಣ ಹುಡುಗಿ ಕೂತಿದ್ದಳು. ಚಪ್ಪಲಿ ಬಿಚ್ಚಿ ಪಕ್ಕದಲ್ಲಿ ಜೋಡಿಸಿಟ್ಟಿದ್ದಳು. ಕಾಲು ಮೊಣಕಾಲಿನ ತನಕ ನೀರಿನಲ್ಲಿತ್ತು. ಮಡಿಲಲ್ಲಿ ಒಂದು ಪುಟ್ಟ ಅಂಗಿ.

ನಾನು ಮುಂದೆ ಹೋಗಲು ನೋಡಿದೆ. ಮೇಷ್ಟ್ರು ತಡೆದರು. ಹೆದರಿಸಿದರೆ ಜಾರುತ್ತಾಳೆ ಅಂತ ಸನ್ನೆ ಮಾಡಿ, ತಾವೇ ಮೆಲ್ಲಗೆ ಇಳಿದು ಎರಡು ಮಾರು ದೂರದಲ್ಲಿ ಕೂತರು.

"ಯವ್ವಾ, ಮನಿಗಿ ಹೋಗಮು ಬಾ."

ಆಕೆ ತಿರುಗಿ ನೋಡಿದಳು. ತನ್ನ ಮಾತಿನಲ್ಲೇ ಮಾತಾಡಿದ್ದು ಕೇಳಿ ಸ್ವಲ್ಪ ಆಶ್ಚರ್ಯ. "ತಮ್ಮ ಬರ್ತಾನ, ನಿಂದರ್ರಿ," ಅಂದಳು.

"ಬರೂದಿಲ್ಲವ್ವಾ. ಇಲ್ಲಿ ಯಾರೂ ಇಲ್ಲ. ಆಳದವ್ವ ಅಂತ ಯಾರೂ ಇಲ್ಲ. ಕಾಗದ ಬರದಾಂವ ನಾನು. ಎಲ್ಲಾ ಸುಳ್ಳು ಬರದೀನಿ."

ಹುಡುಗಿ ಅವರನ್ನು ತುಂಬ ಹೊತ್ತು ದಿಟ್ಟಿಸಿದಳು. ಆಮೇಲೆ ಲಂಗದ ಜೇಬಿಗೆ ಕೈ ಹಾಕಿ ಒಂದು ಕಾರ್ಡು ತೆಗೆದು ಅವರ ಮುಂದೆ ಹಿಡಿದಳು. ನನಗೆ ನಿಂತಲ್ಲಿಂದಲೇ ಚಿತ್ರ ಗುರುತು ಸಿಕ್ಕಿತು. ದಂಡೆಯ ಮುದುಕ. ಅದರ ಹಿಂಭಾಗದ ಸಾಲನ್ನೂ ನಾನೇ ಕೂರಿಸಿದ್ದೆ: 'ಇವನು ಒಣನಾಲಿಗೆಯ ಆಳು. ನೀರಿನಲ್ಲಿ ಯಾರೂ ಇಲ್ಲ ಎನ್ನುತ್ತಾನೆ. ನಂಬಬೇಡ.'

"ನೀ ಬರ್ತಿ ಅಂತ ನಂಗ ಗೊತ್ತಿತ್ತು," ಅಂದಳು ಆಕೆ. ಅಂದವಳೇ ಕೂತಲ್ಲೇ ಮುಂದಕ್ಕೆ ಜರುಗಿದಳು. ನೀರು ಲಂಗದ ಅಂಚಿಗೆ ಬಂತು.

ಮೇಷ್ಟ್ರ ಮುಖ ಹೇಗಾಯಿತು ಅಂತ ನಾನು ಬರೆಯಲಾರೆ. ಯಾವ ಮಾತು ಹೇಳಿದರೂ ಅದು ಆ ಮುದುಕನ ಮಾತೇ ಆಗುತ್ತಿತ್ತು. ಅವರು ಮಫ್ಲರ್ ಬಿಚ್ಚಿಟ್ಟು ಎದ್ದರು.

"ಹಂಗಾದ್ರ ನೀ ಇಲ್ಲೇ ಕೂಡು. ನಾ ಒಳಗ ಹೋಗಿ ನೋಡ್ತೀನಿ. ಇದ್ರ ಕರ್ಕೊಂಡು ಬರ್ತೀನಿ."

ನಾನು ಕೂಗುವಷ್ಟರಲ್ಲಿ ಅವರು ನೀರಿಗೆ ಇಳಿದಿದ್ದರು. ಮೊಣಕಾಲು, ಸೊಂಟ, ಎದೆ. ಅವರಿಗೆ ಈಜು ಬರುತ್ತಿರಲಿಲ್ಲ. ಪಾಚಿಗಟ್ಟಿದ ಬಂಡೆ ಅದು. ಇನ್ನೊಂದು ಹೆಜ್ಜೆ ಇಟ್ಟರು, ಕಾಲ ಕೆಳಗೆ ನೆಲವೇ ಇರಲಿಲ್ಲ. ತಲೆ ಮುಳುಗಿತು. ಎದ್ದಿತು. ಬಾಯಿ ತೆರೆದಿತ್ತು, ಸದ್ದು ಬರಲಿಲ್ಲ. ಮತ್ತೆ ಮುಳುಗಿತು.

ಅಂಗಡಿಯವರು ನನ್ನನ್ನು ದಾಟಿ ಓಡಿದರು. ನಾನು ವೇಲ್ ಎಳೆದು ಅವರ ಕೈಗೆ ಕೊಟ್ಟೆ, ಇನ್ನೊಂದು ತುದಿ ನನ್ನ ಮುಂಗೈಗೆ ಸುತ್ತಿಕೊಂಡೆ. ಅವರು ಎದೆಮಟ್ಟದ ನೀರಿಗೆ ಇಳಿದು ಕೈ ಚಾಚುತ್ತಿದ್ದರು, ಸಿಗುತ್ತಿರಲಿಲ್ಲ. ಆಗ ಪಕ್ಕದಲ್ಲಿ ಕೇಳಿಸಿತು, ಹರಿದು ಬಂದ ಹಾಗಿನ ದನಿ: "ಅಜ್ಜಾ, ಬ್ಯಾಡ, ಹೊರಗ ಬಾ. ಅಜ್ಜಾ, ಹೊರಗ ಬಾ." ಹುಡುಗಿ ನೀರಿನಿಂದ ಕಾಲೆಳೆದುಕೊಂಡು, ನನ್ನ ಸೊಂಟ ಗಟ್ಟಿಯಾಗಿ ಹಿಡಿದು ಹಿಂದಕ್ಕೆ ಜಗ್ಗುತ್ತಿದ್ದಳು. ತಮ್ಮ ಹೋದ ದಿನ ಆಕೆ ಇದನ್ನೇ ನೋಡಿದ್ದಳೋ ಏನೋ. ನಾನು ಕೇಳಲಿಲ್ಲ.

ಮೂರನೇ ಸಲ ಅಂಗಡಿಯವರ ಕೈಗೆ ಸಿಕ್ಕಿದ್ದು ಮೇಷ್ಟ್ರ ಅಂಗಿಯ ಕಾಲರ್. ಎಳೆದು ಬಂಡೆಗೆ ತಂದೆವು. ಅವರು ಬೋರಲಾಗಿ ಮಲಗಿ ನೀರು ಕಾರಿದರು. ಉಸಿರಾಟ ಒಂದು ಹದಕ್ಕೆ ಬರುವ ತನಕ ಅಂಗಡಿಯವರು ಅವರ ಬೆನ್ನು ತಿಕ್ಕಿದರು. ಆಕೆ ಅವರ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು.

"ಒಳಗ ಯಾರಿದ್ರು?"

"ಯಾರೂ ಇರಲಿಲ್ಲವ್ವಾ," ಅಂದರು ಮೇಷ್ಟ್ರು. "ಕತ್ತಲಿತ್ತು. ಬರೇ ನೀರು."

ಆಕೆ ಕೈಯಲ್ಲಿದ್ದ ಪುಟ್ಟ ಅಂಗಿಯನ್ನು ನೋಡಿಕೊಂಡಳು. ಆಮೇಲೆ ಅದರಿಂದಲೇ ಅವರ ಮುಖ ಒರೆಸಿದಳು, ಕಿವಿಯ ಹಿಂದೆ, ಕೊರಳು, ಸ್ನಾನ ಮಾಡಿಸಿದ ಮಗುವಿಗೆ ಒರೆಸುವ ಹಾಗೆ. ಒರೆಸುತ್ತಾ ಒರೆಸುತ್ತಾ ಅತ್ತಳು.

ಅಂಗಡಿಯವರು ತೋರಿಸಿದ ದಾರಿಯಲ್ಲಿ ಆಕೆಯನ್ನು ಕೆಲಸಗಾರರ ಶೆಡ್ಡಿಗೆ ಕರೆದುಕೊಂಡು ಹೋದೆವು. ತಾಯಿ ಕೆಲಸದಿಂದ ಬರುವ ತನಕ ಇಬ್ಬರೂ ಅಲ್ಲೇ ಕೂತಿದ್ದೆವು. ಮೇಷ್ಟ್ರು ತಾಯಿಯ ಮುಂದೆ ಏನೂ ಮುಚ್ಚಿಡದೆ ಎಲ್ಲ ಹೇಳಿದರು. ಆ ಹೆಂಗಸು ಕೇಳಿಸಿಕೊಂಡು, ಮಗಳನ್ನು ಒಳಗೆ ಕರೆದುಕೊಂಡು, ಬಾಗಿಲ ಬದಲು ಇದ್ದ ತಗಡನ್ನು ಅಡ್ಡ ಇಟ್ಟಳು. ಬೈಯಲೂ ಇಲ್ಲ.

ಮೇಷ್ಟ್ರಿಗೆ ನ್ಯುಮೋನಿಯಾ ಆಗಿ ಹದಿನೈದು ದಿನ ಆಸ್ಪತ್ರೆಯಲ್ಲಿದ್ದರು. ಬಿಟ್ಟ ಮರುದಿನವೇ ಹೊರಮಾವಿಗೆ ಹೋದರು. ಶೆಡ್ಡು ಇರಲಿಲ್ಲ. ಕಟ್ಟಡ ಮುಗಿದಿತ್ತು, ಮೇಸ್ತ್ರಿ ಎಲ್ಲರನ್ನೂ ಬೇರೆ ಕಡೆ ಕರೆದುಕೊಂಡು ಹೋಗಿದ್ದ. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ. ಅಂಗಡಿಯವರು ಒಂದೇ ಮಾತು ಹೇಳಿದರಂತೆ. ಹೋಗುವ ಹಿಂದಿನ ದಿನ ಹುಡುಗಿ ಬಂದು ಒಂದು ಚಿಪ್ಸ್ ಪ್ಯಾಕೆಟ್ ತೆಗೆದುಕೊಂಡಳು. ಚಿಪ್ಸ್ ಅಲ್ಲಿದ್ದ ನಾಯಿಗೆ ಹಾಕಿದಳು. ಕಾರ್ಡನ್ನು ಮಾತ್ರ ನೋಡಿ ಜೇಬಿಗೆ ಹಾಕಿಕೊಂಡಳು.

"ಯಾವ ಕಾರ್ಡು ಅಂತ ಕೇಳಿದ್ರಾ?" ಅಂದೆ.

"ಕೇಳೀನಿ. ಅವ್ರು ನೋಡಿಲ್ಲಂತ."

ಅಲ್ಲಿಂದ ಮೇಷ್ಟ್ರು ಬೇರೆ ಮನುಷ್ಯರಾದರು. ಎರಡನೇ ಕಂತಿನ ಕಾರ್ಡು ಬರೆಯಲು ಒಪ್ಪಲಿಲ್ಲ. ಇದ್ದ ಫೈಲುಗಳನ್ನು ಅಳಿಸು ಅಂದರು, ಪಕ್ಕದಲ್ಲಿ ನಿಂತು ನೋಡಿದರು. ಓನರ್ ಕೂಗಾಡಿದರು, ಇವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಆಗಲೇ ಹೊರಗೆ ಹೋಗಿದ್ದ ಸಾವಿರಾರು ಕಾರ್ಡುಗಳನ್ನು ಅಳಿಸುವುದು ಮಾತ್ರ ಯಾರ ಕೈಯಲ್ಲೂ ಇರಲಿಲ್ಲ. ಅವು ಎಲ್ಲೆಲ್ಲಿ ಯಾವ ಮಕ್ಕಳ ದಿಂಬಿನ ಕೆಳಗಿದ್ದವೋ...

ಭಾನುವಾರ ಬಂದರೆ ಅವರು ಆಕೆಯನ್ನು ಹುಡುಕಿಕೊಂಡು ಹೋಗುತ್ತಿದ್ದರು. ರಿಂಗ್ ರೋಡ್ ಉದ್ದಕ್ಕೂ ಆಗ ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿತ್ತು. ಪ್ರತಿ ಕಟ್ಟಡದ ಬುಡದಲ್ಲೂ ತಗಡಿನ ಶೆಡ್ಡು. ಕೆ.ಆರ್. ಪುರ, ಮಾರತ್ತಹಳ್ಳಿ, ಇನ್ನೂ ಮುಂದೆ. ಒಂದೊಂದು ಶೆಡ್ಡಿಗೂ ಹೋಗಿ, ಯಾವ ಊರವರು, ಇಂಥ ಹುಡುಗಿ ಇದ್ದಾಳಾ ಅಂತ ಕೇಳುತ್ತಿದ್ದರು. ಹತ್ತಿರದಲ್ಲಿ ಕೆರೆಯೋ ಕ್ವಾರಿಯೋ ಇದ್ದರೆ ಅಲ್ಲಿಗೂ ಹೋಗಿ ಸುಮ್ಮನೆ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದರಂತೆ. ಆಸ್ಪತ್ರೆಯಿಂದ ಬಂದ ಮೇಲೆ ಅವರ ಎದೆಯಲ್ಲಿ ಸದಾ ಒಂದು ಗೊರಗೊರ ಸದ್ದು ಇತ್ತು. ಅವರು ಮೆಟ್ಟಿಲು ಹತ್ತುವಾಗಲೇ ನನಗೆ ಕೇಳಿಸುತ್ತಿತ್ತು.

ನನ್ನ ಮದುವೆ ಗೊತ್ತಾಗಿ ಕೆಲಸ ಬಿಡುವ ವಾರ, ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು. "ಯವ್ವಾ, ಈ ಭಾನುವಾರ ನನ ಸಂಗಟ ಬರ್ತೀಯೇನು? ಗಂಡಸು ಕೇಳಿದ್ರ ಹೆಣ್ಮಕ್ಕಳು ಬಾಯಿ ಬಿಡೂದಿಲ್ಲ. ನಿನಗ ಹೇಳ್ತಾರ."

ಸೀರೆ ತರೋದಕ್ಕೆ ಹೋಗಬೇಕು ಮೇಷ್ಟ್ರೇ, ಆಗಲ್ಲ, ಅಂದೆ. ನಿಜವಾಗಿಯೂ ಹೋಗಬೇಕಿತ್ತು. ಆದರೆ ಅದು ಬೆಳಿಗ್ಗೆ. ಮಧ್ಯಾಹ್ನ ನಾನು ಮನೆಯಲ್ಲೇ ಇದ್ದೆ. ನನಗೆ ಭಯವಾಗಿತ್ತು. ಹುಡುಕಿದರೆ ಏನು ಸಿಗುತ್ತದೋ ಅನ್ನುವ ಭಯ. ಅವರು, "ಇರ್ಲಿ ಬಿಡವ್ವಾ, ಚೊಲೊ ಇರು," ಅಂತ ಹೊರಟರು. ಮದುವೆಗೆ ಬರಲಿಲ್ಲ. ಮರುವರ್ಷ ಓನರ್ ಸಿಕ್ಕಾಗ, ಮೇಷ್ಟ್ರು ಹೋದರು, ಕೋಣೆಯ ಬಾಗಿಲು ಒಡೆಯಬೇಕಾಯಿತು ಅಂದರು. ಯಾವ ದಿನ ಅಂತ ಕೇಳಿದೆ. ಸೋಮವಾರ ಗೊತ್ತಾಯಿತಂತೆ. ಭಾನುವಾರ ಹೊರಗೆ ಹೋಗಿದ್ದರೋ ಇಲ್ಲವೋ ಯಾರೂ ನೋಡಿರಲಿಲ್ಲ.

ಈಗ ನಾನಿರುವುದು ಹೊರಮಾವಿನಲ್ಲೇ. ಆ ಕ್ವಾರಿ ಯಾವ ಅಪಾರ್ಟ್‌ಮೆಂಟಿನ ಕೆಳಗಿದೆ ಅಂತ ನನಗೆ ಖಚಿತವಾಗಿ ಗೊತ್ತಿಲ್ಲ, ಯಾರನ್ನೂ ಕೇಳಿಲ್ಲ. ನಮ್ಮ ಹಿಂದಿನ ರಸ್ತೆಯಲ್ಲಿ ಇನ್ನೊಂದು ಕಟ್ಟಡ ಏಳುತ್ತಿದೆ. ಮಾರತ್ತಹಳ್ಳಿಯಿಂದ ಬಂದ ಮೇಲೆ ಮೂರು ವಾರ ಅದರ ಮುಂದೆ ಓಡಾಡಿ, ನಿನ್ನೆ ಭಾನುವಾರ ಒಳಗೆ ಹೋದೆ. ಒಬ್ಬ ಹೆಂಗಸು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಯಾವ ಊರು ಅಂದೆ. ಸುರಪುರದ ಕಡೆ ಅಂದಳು. ಈಗ ಮೂವತ್ತು ದಾಟಿದ, ಚಿಕ್ಕಂದಿನಲ್ಲಿ ಇಲ್ಲೇ ಹೊರಮಾವಿನ ಕ್ವಾರಿಯಲ್ಲಿ ತಮ್ಮನನ್ನು ಕಳೆದುಕೊಂಡ ಹೆಣ್ಣುಮಗಳು ಯಾರಾದರೂ ಗೊತ್ತಾ ಅಂತ ಕೇಳಿದೆ. ಆಕೆ ಹಿಟ್ಟಿನ ಕೈಯಿಂದಲೇ ಕೂದಲು ಹಿಂದಕ್ಕೆ ತಳ್ಳಿಕೊಂಡು ಯೋಚಿಸಿದಳು.

"ಅಂಥೋರು ಭಾಳ ಮಂದಿ ಅದಾರ್ರಿ," ಅಂದಳು. "ನಿಮಗ ಯಾರು ಬೇಕಾಗಿತ್ತು?"

ಆ ಹುಡುಗಿ ನಮಗೆ ಹೆಸರು ಹೇಳಿಯೇ ಇರಲಿಲ್ಲ; ಬಲಗಾಲಿನಲ್ಲಿ ಮಚ್ಚೆ ಇದ್ದ ಹುಡುಗನ ಅಕ್ಕ, ಅಂದೆ.